ಖಾಡಿಗೆ ನೀರು ಹೊತ್ತವರು

ಸೂರತ್ತಿನ ಸಮುದ್ರ ನೋಡಲೆಂದು ಮೊದಲ ಸಲ ಹೋದ ದಿನ ಅಲ್ಲಿ ಸಮುದ್ರವೇ ಇರಲಿಲ್ಲ. ಕಪ್ಪು ಮರಳು, ಅದರಾಚೆ ಕೆಸರು, ಕೆಸರಿನಾಚೆ ಮತ್ತೂ ಕೆಸರು. ಎಲ್ಲೋ ದೂರದಲ್ಲಿ ನೀರು ಒಂದು ಗೆರೆಯಾಗಿ ಮಿನುಗುತ್ತಿತ್ತು. ನನ್ನವರು ಭಜಿಯಾ ಕರಿಯುತ್ತಿದ್ದವನನ್ನು ಕೇಳಿದರು, "ದರಿಯಾ ಕಹಾಂ ಹೈ ಭಾಯ್?" ಅವನು ಬಾಣಲೆಯಿಂದ ತಲೆ ಎತ್ತಲಿಲ್ಲ. "ಗಯಾ ಹೈ, ಆ ಜಾಯೇಗಾ," ಎಂದ. ಹೋಗಿದೆ, ಬರುತ್ತದೆ, ಪಕ್ಕದ ಮನೆಯವರು ತರಕಾರಿ ತರಲು ಹೋಗಿದ್ದಾರೆ ಎನ್ನುವ ಧಾಟಿಯಲ್ಲಿ.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿಯ ಮೇಲಿನ ವರಾಂಡದಿಂದ ಸಮುದ್ರ ಕಾಣುತ್ತಿತ್ತು. ಮಳೆಗಾಲದಲ್ಲಿ ಸಿಟ್ಟು ಮಾಡುತ್ತಿತ್ತು, ಬೇಸಿಗೆಯಲ್ಲಿ ತೂಕಡಿಸುತ್ತಿತ್ತು, ಆದರೆ ಇದ್ದ ಜಾಗ ಬಿಟ್ಟು ಹೋಗುತ್ತಿರಲಿಲ್ಲ. ವೆಲ್ ಬಿಹೇವ್ಡ್ ಸೀ. ಅದನ್ನು ನೋಡಿ ಬೆಳೆದವಳಿಗೆ ಸೂರತ್ತಿನದು ಮ್ಯಾನರ್ಸ್ ಇಲ್ಲದ ಸಮುದ್ರ ಅನ್ನಿಸಿತ್ತು. ಮುಂದೊಂದು ದಿನ ಈ ಕೆಸರಿಗಾಗಿ ಅಳುತ್ತೀಯ ಎಂದು ಆಗ ಯಾರಾದರೂ ಹೇಳಿದ್ದರೆ, ಡೋಂಟ್ ಬಿ ಸಿಲ್ಲಿ, ಎಂದು ನಕ್ಕುಬಿಡುತ್ತಿದ್ದೆ.

ನನ್ನವರು ಇನ್ಶೂರೆನ್ಸ್ ಆಫೀಸಿನಲ್ಲಿದ್ದರು. ಟ್ರಾನ್ಸ್‌ಫರ್ ನಮ್ಮನ್ನು ಮೊದಲು ತಂದಿಳಿಸಿದ್ದು ಅಹಮದಾಬಾದಿನ ಮಣಿನಗರದಲ್ಲಿ. ರೈಲು ಹೋದಾಗಲೆಲ್ಲ ಕಪಾಟಿನೊಳಗಿನ ಗ್ಲಾಸುಗಳು ಕಿಣಿಕಿಣಿ ಎನ್ನುವ ಮನೆ. ಆಮೇಲೆ ವಡೋದರಾ, ಕೊನೆಗೆ ಸೂರತ್. ಮೂರೂ ಊರಿನಲ್ಲಿ ಅನ್ನ ಬಸಿದಿದ್ದೇನೆ, ಬಟ್ಟೆ ಒಗೆದಿದ್ದೇನೆ, ಬಾತ್‌ರೂಮಿಗೆ ಆ್ಯಸಿಡ್ ಸುರಿದು ತಿಕ್ಕಿದ್ದೇನೆ. ಆ ನೀರು ಎಲ್ಲಿಗೆ ಹೋಯಿತೆಂದು ಒಂದು ದಿನವೂ ಯೋಚಿಸಿದವಳಲ್ಲ. ಅಟ್ಲಾಸ್ ತೆಗೆದು ನೋಡಿದ್ದು ಎಪ್ಪತ್ತು ದಾಟಿದ ಮೇಲೆ. ಸಾಬರಮತಿ, ವಿಶ್ವಾಮಿತ್ರಿ, ತಾಪಿ, ಮೂರೂ ಊರಿನ ನದಿಗಳು ಸುತ್ತಿ ಬಳಸಿ ಸೇರುವುದು ಖಂಭಾತ ಕೊಲ್ಲಿಯ ಕಡೆಗೇ. ನನ್ನ ಇಡೀ ಸಂಸಾರ ತೊಳೆದ ನೀರು ನನಗಿಂತ ಮೊದಲೇ ಇಲ್ಲಿಗೆ ಬಂದು ಸೇರಿತ್ತು.

ನನ್ನವರು ತೀರಿಕೊಂಡ ಮೇಲೆ ಮಗಳು, "ವಡೋದರಾಕ್ಕೇ ಬಂದುಬಿಡು ಮಮ್ಮಿ," ಎಂದಳು. ಹೋಗಿ ಬರುತ್ತಿದ್ದೆ, ಉಳಿಯುತ್ತಿರಲಿಲ್ಲ. ನನ್ನನ್ನು ಸೂರತ್ತಿನಲ್ಲಿ ಹಿಡಿದಿಟ್ಟದ್ದು ಭಾನುವಾರಗಳು.

ನಮ್ಮ ಕನ್ನಡ ಬಳಗದ ಕೆಲವರು ಭಾನುವಾರ ಬೆಳಿಗ್ಗೆ ಸಮುದ್ರದ ದಂಡೆ ಗುಡಿಸಲು ಹೋಗುತ್ತಿದ್ದರು. ಅದನ್ನು ಶುರುಮಾಡಿದವಳು ಉಧ್ನಾ ಸ್ಟೇಷನ್ನಿನ ಹತ್ತಿರ ಗಂಡನ ಜೊತೆ ಉಡುಪಿ ಹೋಟೆಲು ನಡೆಸುವ ಹೆಂಗಸು. ಮಲ್ಪೆಯ ಕಡೆಯ ಮೀನುಗಾರರ ಮನೆಯ ಹುಡುಗಿ. ವಯಸ್ಸಿನಲ್ಲಿ ನನಗೆ ಮಗಳಾಗಬೇಕು, ಆದರೆ ನನ್ನನ್ನು ಅಕ್ಕ ಎನ್ನುತ್ತಾಳೆ, ನಾನು ತಂಗಿ ಎನ್ನುತ್ತೇನೆ. ಗಲ್ಲಾದಲ್ಲಿ ಕುಳಿತಾಗ ಗಂಭೀರ, ದಂಡೆಗೆ ಬಂದರೆ ಬೇರೆಯೇ ಹೆಂಗಸು. ಸೀರೆ ಸಿಕ್ಕಿಸಿಕೊಂಡು ಗೋಣಿಚೀಲ ಎಳೆಯುತ್ತ ಓಡಾಡುತ್ತಿದ್ದಳು.

ನಮಗೆ ಸಿಗುತ್ತಿದ್ದದ್ದು ಗುಟ್ಕಾ ಪೊಟ್ಟಣ, ಸೀರೆ ಸುತ್ತಿದ ಪ್ಲಾಸ್ಟಿಕ್, ನೈಲಾನ್ ದಾರದ ಸಿಕ್ಕು. ಜೊತೆಗೆ ದೇವರು. ಗಣಪತಿ ಹಬ್ಬವಾದ ಮೇಲಂತೂ ಪ್ಲಾಸ್ಟರಿನ ಸೊಂಡಿಲು, ಅಭಯಹಸ್ತ, ಅರ್ಧ ಇಲಿ. ಅದನ್ನು ಕಸದ ಚೀಲಕ್ಕೆ ಹಾಕಲು ನಮ್ಮಲ್ಲಿ ಯಾರಿಗೂ ಕೈ ಬರುತ್ತಿರಲಿಲ್ಲ. ಹಾಗಾಗಿ ಬೇರೆ ಒಂದು ಚೀಲ ಇಟ್ಟೆವು, ದೇವರ ಚೀಲ. ಅದನ್ನು ಮುಟ್ಟುವ ಮುಂಚೆ ಚಪ್ಪಲಿ ಬಿಚ್ಚಬೇಕು.

"ಅಕ್ಕ, ಇವತ್ತು ಕಸದ ಚೀಲಕ್ಕಿಂತ ದೇವರ ಚೀಲವೇ ಭಾರ ಮಾರಾಯ್ರೆ," ಎಂದಳು ಒಮ್ಮೆ ತಂಗಿ. "ಇವರನ್ನೆಲ್ಲ ಪುನಃ ಎಲ್ಲಿ ಮುಳುಗಿಸುದು?"

ಬೆಳಿಗ್ಗೆ ನಾವು ಗುಡಿಸಿದ ಜಾಗಕ್ಕೆ ಸಂಜೆಯೊಳಗೆ ಸಮುದ್ರ ಅಷ್ಟನ್ನೇ ಮತ್ತೆ ತಂದು ಹರಡುತ್ತಿತ್ತು. ಮುಂದಿನ ಭಾನುವಾರ ಅದೇ ಪೊಟ್ಟಣ, ಅದೇ ಸೊಂಡಿಲು. ಬಂದವರು ಒಬ್ಬೊಬ್ಬರೇ ಬಿಡುತ್ತ ಬಂದರು. ಗುಡಿಸುವುದರಿಂದ ಏನೂ ಉಳಿಯುವುದಿಲ್ಲ, ಉಳಿಯುವಂಥದ್ದು ಏನಾದರೂ ಮಾಡಬೇಕು ಎಂದು ನಮಗೆ ಅನ್ನಿಸಿದ ಹೊತ್ತಿನಲ್ಲೇ ಬೆನ್ ಪರಿಚಯವಾದದ್ದು.

ಗುಜರಾತಿನಲ್ಲಿ ಹೆಂಗಸರೆಲ್ಲ ಬೆನ್. ಆದರೆ ನಮ್ಮಿಬ್ಬರ ಮಾತಿನಲ್ಲಿ ಬೆನ್ ಎಂದರೆ ಅವಳೊಬ್ಬಳೇ. ದಂಡೆಯಿಂದ ಒಳಗೆ ಒಂದು ಖಾಡಿ ಇದೆ, ಉಬ್ಬರದಲ್ಲಿ ಸಮುದ್ರದ ನೀರು ನುಗ್ಗಿ ಇಳಿತದಲ್ಲಿ ವಾಪಸು ಹೋಗುವ ಅಳಿವೆಯಂಥ ಕಾಲುವೆ. ಅದರ ಪಕ್ಕದ ಮನೆ ಅವಳದು. ನೀರು ಇಳಿದಾಗ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಬಿಲಗಳಿಗೆ ತೋಳು ತೂರಿಸಿ ಲೆವ್ಟಾ ಹಿಡಿಯುವುದು ಅವಳ ಕೆಲಸ. ಲೆವ್ಟಾ ಎಂದರೆ ಕೆಸರಿನ ಮೇಲೆ ಕುಪ್ಪಳಿಸುವ ಮೀನು. ಕಣ್ಣು ನೆತ್ತಿಯ ಮೇಲೆ, ಮುಖದಲ್ಲಿ ಸದಾ ಯಾರ ಮೇಲೋ ಕಂಪ್ಲೇಂಟ್ ಇರುವ ಭಾವ. ಸೂರತ್ತಿನ ಕೆಲವರಿಗೆ ಅದು ಪ್ರಾಣ. ನಾನು ತಿನ್ನುವವಳಲ್ಲ. ತಂಗಿ ಬೆನ್ ಮನೆಯ ಅಂಗಳದಲ್ಲಿ ಕೂತು ಎರಡು ಸಲ ಹಾಕಿಸಿಕೊಂಡಳು. ನಾನು ನೋಡಿದೆ.

"ಎಂತ ನೋಡುದು? ಪ್ಯೂರ್ ವೆಜ್ ಅಂತ ಬರ್ದದ್ದು ಹೋಟ್ಲಿನ ಬೋರ್ಡಿನ ಮೇಲೆ. ನನ್ನ ಮೇಲೆ ಅಲ್ಲ."

ಮೊದಲೆಲ್ಲ ಬುಟ್ಟಿಗಟ್ಟಲೆ ಸಿಗುತ್ತಿತ್ತಂತೆ. ನಾವು ಕಂಡಾಗ ಅವಳ ಬುಟ್ಟಿಯ ತಳ ಕಾಣುತ್ತಿತ್ತು. ಖಾಡಿಯ ಅಂಚಿನಲ್ಲಿದ್ದ ಚೆರ್ ಗಿಡಗಳೆಲ್ಲ ಹೋಗಿ ಮಣ್ಣು ಬೋಳಾಗಿತ್ತು. ಚೆರ್ ಎಂದರೆ ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಜಾತಿಯದೇ, ಉಪ್ಪುನೀರಿನಲ್ಲಿ ನಿಂತು ಬೆಳೆಯುವ ಗಿಡ. ನೀರೂ ಮೊದಲಿನಂತಿರಲಿಲ್ಲ. ಕೆಲವು ದಿನ ಗುಲಾಬಿ, ಕೆಲವು ದಿನ ಮಸಿ. ಊರಿನ ಸೀರೆ ಮಿಲ್ಲುಗಳ ಬಣ್ಣವೆಲ್ಲ ಅಲ್ಲಿಗೇ ಬರುತ್ತಿತ್ತು. ಅವಳ ಗಂಡ ಆಗಲೇ ಉಧ್ನಾದ ಒಂದು ಮಗ್ಗದ ಶೆಡ್ಡಿಗೆ ಸೇರಿ ಅಲ್ಲೇ ಒಂದು ಖೋಲಿ ಹಿಡಿದಿದ್ದ. ನೀನೂ ಬಾ, ಸೀರೆಯ ದಾರ ಕತ್ತರಿಸುವ ಕೆಲಸ ಮನೆ ಬಾಗಿಲಿಗೇ ಬರುತ್ತದೆ ಎಂದು ಕರೆಯುತ್ತಲೇ ಇದ್ದ. ಇವಳು ಹೋಗಲೊಲ್ಲಳು.

"ಆ ಖೋಲಿಗೆ ಕಿಟಕಿಯೇ ಇಲ್ಲ, ಬಾ," ಎಂದಳು ನನಗೆ. ವಯಸ್ಸಾದ ಹೆಂಗಸನ್ನು ಇಲ್ಲಿ ಬಾ ಎನ್ನುತ್ತಾರೆ, ಅಮ್ಮ ಎನ್ನುವ ಹಾಗೆ. "ಈ ಮಣ್ಣು ಬದುಕಿದರೆ ನಾನು ಇಲ್ಲಿಯೇ. ಸತ್ತರೆ ಹೋಗಲೇಬೇಕು. ಗಂಡನಿಗೂ ಹಾಗೇ ಹೇಳಿದ್ದೇನೆ, ಸ್ವಲ್ಪ ಕಾಲ ತಾಳು ಅಂತ."

ಅವಳು ತೆಗೆದುಕೊಂಡ ಆ ಸ್ವಲ್ಪ ಕಾಲದೊಳಗೆ ಖಾಡಿಯ ಅಂಚಿಗೆ ಮತ್ತೆ ಚೆರ್ ತರಬೇಕು ಎಂದು ತಂಗಿ ಹಟ ಹಿಡಿದಳು. ಬಳಗದ ಕಾರ್ಯದರ್ಶಿಗಳು ಧಾರವಾಡದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅನುಮತಿ ತರುವುದರಲ್ಲಿ, ಸಸಿ ಹೊಂದಿಸುವುದರಲ್ಲಿ ಅವರದು ಎತ್ತಿದ ಕೈ. ಎಲ್ಲ ಸಿದ್ಧವಾದ ಮೇಲೆ ಹೋಟೆಲಿನ ಮೇಲಿನ ಕೋಣೆಯಲ್ಲಿ ಮೀಟಿಂಗ್ ನಡೆಯಿತು. ಯಾವ ದಿನ ನೆಡುವುದು?

ಇಲ್ಲಿ ಕರಾವಳಿಯ ಹೆಂಗಸರೆಲ್ಲ ಒಂದಾದೆವು. ನಮ್ಮ ಕಡೆ ಸಮುದ್ರವನ್ನು ಬರಿಯ ದಿನ ಮುಟ್ಟುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ, ಹಬ್ಬ ಹೀಗೆ ಪರ್ವದ ದಿನವೇ ಸಮುದ್ರಸ್ನಾನ. ಅದರಲ್ಲೂ ಆಷಾಢದ ಅಮಾವಾಸ್ಯೆ ಎಂದರೆ ದೊಡ್ಡದು. ಬೆಳಿಗ್ಗೆ ಹಾಲೆಮರದ ಕೆತ್ತೆಯ ಕಷಾಯ ಕುಡಿದು ಜನ ಸಮುದ್ರಕ್ಕೆ ಹೋಗಿ ಮೀಯುತ್ತಾರೆ.

"ಕಾಲಿಡ್ಲಿಕ್ಕೇ ದಿನ ನೋಡ್ತೇವೆ, ಗಿಡ ನೆಡ್ಲಿಕ್ಕೆ ನೋಡುದು ಬೇಡ್ವಾ?" ಎಂದಳು ತಂಗಿ. "ಅಮಾಸೆಗೇ ಮಾಡುವ. ಭಾನುವಾರವೇ ಬಿದ್ದದ್ದು, ಕಾಣಿ."

ಕಾರ್ಯದರ್ಶಿಗಳು ಕ್ಯಾಲೆಂಡರ್ ಮಡಚಿದರು. "ಅಮಾಸಿಗೆ ನಮ್ಮ ಕಡೆ ಹೊಸಾ ಕೆಲಸಾ ಸುರು ಮಾಡಂಗಿಲ್ರಿ. ಆದ್ರ ನಮ್ಮ ಕಡೆ ಸಮುದ್ರನೂ ಇಲ್ಲ ಬಿಡ್ರಿ. ಅದರ ಬಗ್ಗೆ ನೀವು ಹೇಳಿದ್ದ ಖರೇ."

ಬೆನ್‌ಗೆ ಹೇಳಿದಾಗ ಅವಳೂ ಖುಷಿಪಟ್ಟಳು. ಒಳ್ಳೆಯ ದಿನ ಎಂದು ನೀರಿಗೆ ಬಿಡಲು ತೆಂಗಿನಕಾಯಿ ತಂದಿಟ್ಟುಕೊಂಡಳು. ದೇವರ ವಿಷಯದಲ್ಲಿ ಅವಳೂ ನಮ್ಮಂಥವಳೇ.

ಆ ದಿನ ನೀರು ಎಂದಿಲ್ಲದಷ್ಟು ದೂರ ಇಳಿದಿತ್ತು. ಮೊಳಕಾಲುದ್ದ ಕೆಸರಿನಲ್ಲಿ ಸಾಲು ಹಿಡಿದು ನೆಟ್ಟೆವು. ಪ್ರತಿ ಸಸಿಗೂ ತಂಗಿ ಒಂದು ಚಿಟಿಕೆ ಅರಸಿನ ಹಾಕಿದಳು. ನನ್ನನ್ನು ಇಬ್ಬರು ಹಿಡಿದು ಕೆಸರಿನಿಂದ ಎಳೆದು ತೆಗೆಯಬೇಕಾಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ದಂಡೆಯ ಮೇಲೆ ಕೂತು ಹೋಟೆಲಿನ ಇಡ್ಲಿ ತಿನ್ನುತ್ತಿರುವಾಗ ದೂರದಿಂದ ಒಂದು ಸದ್ದು ಬಂತು, ಗೋಧಿ ಬೀಸುವ ಗಿರಣಿಯ ಹಾಗೆ. ಆಮೇಲೆ ಕಂದು ಬಣ್ಣದ ನೀರು ಖಾಡಿಯ ಬಾಯಿಂದ ಮಗುಚಿಕೊಂಡು ಒಳಗೆ ಬಂತು. ಅದು ಏರಿದ ವೇಗಕ್ಕೆ ಕೈಯಲ್ಲಿದ್ದ ಇಡ್ಲಿ ಬಾಯಿಗೆ ಹೋಗಲಿಲ್ಲ. ಬಿಟ್ಟಿದ್ದ ಚಪ್ಪಲಿಗಳು ತೇಲಿದವು, ಡಬ್ಬಿ ತೇಲಿತು, ಬೆನ್ ತಂದಿದ್ದ ತೆಂಗಿನಕಾಯಿ ಗಿರಗಿರ ತಿರುಗುತ್ತ ಒಳಗೆ ಹೋಯಿತು. ಅದರ ಹಿಂದೆ ನಮ್ಮ ಸಸಿಗಳು, ಎಲೆ ಮೇಲೆ ಮಾಡಿಕೊಂಡು, ಒಂದೊಂದಾಗಿ ಎದ್ದು ಬಂದವು.

"ಅಯ್ಯಯ್ಯೋ, ಹೋಯ್ತು, ಹೋಯ್ತು!" ಎಂದು ತಂಗಿ ನೀರಿಗೆ ಇಳಿಯಲು ಹೊರಟಳು. ಬೆನ್ ಅವಳ ಸೆರಗು ಹಿಡಿದಳು.

ಮರುದಿನ ಇಳಿತದಲ್ಲಿ ಹೋಗಿ ನೋಡಿದರೆ ಕೆಸರು ನೀಟಾಗಿ ಒರೆಸಿದ ಸ್ಲೇಟಿನಂತಿತ್ತು. ನಮ್ಮ ಹೆಜ್ಜೆಗಳೂ ಇರಲಿಲ್ಲ.

ಆ ರಾತ್ರಿ ನನಗೆ ಕಾನ್ವೆಂಟಿನ ಭೂಗೋಳದ ಕ್ಲಾಸ್ ನೆನಪಾಯಿತು. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ನಿಂತಾಗ ಸ್ಪ್ರಿಂಗ್ ಟೈಡ್ ಎಂಬ ದೊಡ್ಡ ಉಬ್ಬರ, ಕೋನ ಮಾಡಿ ನಿಂತಾಗ ನೀಪ್ ಟೈಡ್ ಎಂಬ ಸಣ್ಣದು. ಡಯಾಗ್ರಾಮ್ ಎಷ್ಟು ಚಂದ ಬರೆಯುತ್ತಿದ್ದೆನೆಂದರೆ ಸಿಸ್ಟರ್ ಅದನ್ನು ಬೇರೆ ಕ್ಲಾಸಿಗೆ ತೋರಿಸಿದ್ದರು. ಆದರೆ ಅದು ಇಂಗ್ಲಿಷಿನಲ್ಲಿ ಕಲಿತದ್ದು, ಅಮಾವಾಸ್ಯೆ ಅಜ್ಜಿಯಿಂದ ಕಲಿತದ್ದು. ಒಂದು ಓದುವ ಮೇಜಿನಲ್ಲಿ, ಇನ್ನೊಂದು ದೇವರಕೋಣೆಯಲ್ಲಿ. ಅವೆರಡೂ ಒಂದೇ ಚಂದ್ರನ ವಿಷಯ ಎಂದು ಇಷ್ಟು ವರ್ಷದಲ್ಲಿ ಹೊಳೆದಿರಲಿಲ್ಲ. ಊರಿನಲ್ಲಿ ಹೊಳೆಯುವ ಅಗತ್ಯವೂ ಇರಲಿಲ್ಲ. ನಮ್ಮ ಸಮುದ್ರ ಅಮಾವಾಸ್ಯೆಗೆ ಒಂದಿಷ್ಟು ಹೆಚ್ಚು ಏರುತ್ತದೆ, ಇಳಿಯುತ್ತದೆ, ಅಷ್ಟೆ. ಈ ಕೊಲ್ಲಿ ಹಾಗಲ್ಲ, ಇದು ಮನೆಯೆತ್ತರ ಏಳುತ್ತದೆ.

ಮತ್ತೆ ನೆಡುವುದಾದರೆ ಉಬ್ಬರ ಸಣ್ಣದಿರುವ ಅಷ್ಟಮಿಯ ಸುಮಾರಿಗೆ ನೆಡಬೇಕು ಎಂದೆ. ಸಸಿ ಕೊಟ್ಟ ನರ್ಸರಿಯವರೂ ಹೌದೆಂದರು. ಕಾರ್ಯದರ್ಶಿಗಳು ತಲೆಯ ಮೇಲೆ ಕೈಯಿಟ್ಟರು.

"ಅಷ್ಟಮಿಗೆ ಯಾರರ ಏನರ ಸುರು ಮಾಡ್ತಾರೇನ್ರಿ ಮೇಡಂ? ಅಮಾಸಿ ಆತು, ಈಗ ಅಷ್ಟಮಿ. ಮುಂದ ಗ್ರಹಣಾ ಒಂದ ಉಳೀತು ನೋಡ್ರಿ."

"ಒಳ್ಳೆ ದಿನ ನೋಡಿ ನೆಟ್ಟದ್ದು ಹೋಯ್ತಲ್ಲ," ಎಂದಳು ತಂಗಿ. "ಕೆಟ್ಟ ದಿನವನ್ನೂ ಒಂದ್ಸಲ ಕಾಂಬ."

ಅಷ್ಟಮಿಯ ಸಸಿಗಳು ನಿಂತವು. ಎಲ್ಲವೂ ಅಲ್ಲ, ಆದರೆ ನಿಂತವು. ಮೊದಲ ಮಳೆಗಾಲ ಕಳೆದಾಗ ಗೇಣುದ್ದ, ಎರಡನೆಯದು ಕಳೆದಾಗ ಮಂಡಿಯುದ್ದ. ಉತ್ತರಾಯಣದ ಗಾಳಿಪಟದ ಹಬ್ಬ ಮುಗಿದ ಮೇಲೆ ಊರಿನ ದಾರವೆಲ್ಲ ಹಾರಿ ಬಂದು ಅವುಗಳ ಕೊರಳಿಗೆ ಸುತ್ತಿಕೊಳ್ಳುತ್ತಿತ್ತು. ಗಾಜುಪುಡಿ ಸವರಿದ ದಾರ. ಹೆಂಗಸರೆಲ್ಲ ಕತ್ತರಿ ಹಿಡಿದು ಬಿಡಿಸುತ್ತಿದ್ದೆವು, ಮಕ್ಕಳ ತಲೆಯ ಸಿಕ್ಕು ಬಿಡಿಸುವ ಹಾಗೆ. ಬೆರಳು ಕೊಯ್ದುಕೊಳ್ಳುತ್ತಿತ್ತು, ಉಪ್ಪುನೀರು ತಾಗಿದರೆ ಉರಿ. ಆದರೂ ನನ್ನ ವೃದ್ಧಾಪ್ಯದಲ್ಲಿ ಹ್ಯಾಪಿ ಎನ್ನಬಹುದಾದ ದಿನಗಳು ಅವೇ.

ಗಿಡಗಳ ಬುಡದಲ್ಲಿ ಪೆನ್ಸಿಲಿನಂಥ ಉಸಿರುಬೇರುಗಳು ಎದ್ದವು. ಅವುಗಳ ನಡುವೆ ಒಂದು ಬೆಳಿಗ್ಗೆ ಕೆಸರು ಮಿಸುಕಿತು. ಬೆನ್ ನನ್ನ ಮೊಣಕೈ ಹಿಡಿದು ತೋರಿಸಿದಳು. ಎರಡು ಕಣ್ಣು, ಅದೇ ಕಂಪ್ಲೇಂಟಿನ ಮುಖ. ಒಂದು ಕುಪ್ಪಳಿಸಿತು, ಹಿಂದೆ ಇನ್ನೊಂದು.

ಆ ವಾರ ಅವಳು ಗಂಡನಿಗೆ ಹೇಳಿ ಕಳಿಸಿದಳು, ಖೋಲಿ ಬಿಟ್ಟುಬಿಡು, ಬೇಕಾದರೆ ನೀನೇ ಇಲ್ಲಿಂದ ಹೋಗಿ ಬಾ ಎಂದು. ಅವನು ಬಂದ. ಸಂಜೆ ಶೆಡ್ಡಿನಿಂದ ಬಂದವನು ಖಾಡಿಯ ಅಂಚಿನಲ್ಲಿ ಬೀಡಿ ಸೇದುತ್ತ ಕೂತಿರುವುದನ್ನು ನಾನೇ ಕಂಡಿದ್ದೇನೆ.

ಒಳ್ಳೆಯ ಸುದ್ದಿ ನಮ್ಮವರಿಗೆ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಕಾರ್ಯದರ್ಶಿಗಳು ಫೋಟೋ ತೆಗೆದು ಹತ್ತು ಕಡೆ ಕಳಿಸಿದರು. ಒಂದು ಕಂಪನಿಯವರು ಬಂದು ನೋಡಿ ಬಹಳ ಮೆಚ್ಚಿದರು, ಏನಾದರೂ ಸಹಾಯ ಮಾಡುತ್ತೇವೆ, ಏನು ಬೇಕು ಕೇಳಿ ಎಂದರು. ನಮಗೆ ಬೇಕಾಗಿದ್ದದ್ದು ಏನು? ನಮ್ಮಲ್ಲಿ ಅರ್ಧ ಜನ ಮಂಡಿನೋವಿನವರು. ಪ್ರತಿ ಸಲ ಕೆಸರಿನಲ್ಲಿ ಹೂತುಹೋಗುವ ಕಾಲು, ಕಳೆದುಹೋಗುವ ಚಪ್ಪಲಿ. ಗಿಡಗಳವರೆಗೆ ನಡೆದು ಹೋಗಲು ಒಂದು ದಾರಿ ಆದರೆ ಎಂದು ಎಲ್ಲರೂ ಒಂದೇ ಬಾಯಿಯಲ್ಲಿ ಹೇಳಿದೆವು. ಬೆನ್ ಕೂಡ ಹೇಳಿದಳು, ತಲೆಯ ಮೇಲೆ ಬುಟ್ಟಿ ಹೊತ್ತು ಕೆಸರು ತುಳಿಯುವುದು ತಪ್ಪುತ್ತದಲ್ಲ.

ಅವರು ಜಿಪುಣತನ ಮಾಡಲಿಲ್ಲ. ನಾವು ಕೇಳಿದ್ದು ಕಾಲುದಾರಿ, ಅವರು ಕೊಟ್ಟದ್ದು ರಸ್ತೆ. ಕೆಂಪು ಮುರ್ರಮ್ ಮಣ್ಣು ತುಂಬಿಸಿ, ರೋಲರ್ ಓಡಿಸಿ, ಲಾರಿ ಹೋಗುವಷ್ಟು ಅಗಲ ಮಾಡಿ, ಗಿಡಗಳಿಗೆ ನೀರು ತರುತ್ತಿದ್ದ ಖಾಡಿಯ ಕವಲಿಗೆ ಅಡ್ಡಲಾಗಿ ಎತ್ತರಿಸಿ ಕಟ್ಟಿದರು. ನೀರು ಹಾಯಲು ಕೆಳಗೆ ಒಂದು ಪೈಪು ಇಟ್ಟಿದ್ದೇವೆ ಎಂದರು. ಉದ್ಘಾಟನೆಗೆ ಬಂದ ಗಣ್ಯರು ಬೂಟು ಕೊಳೆಯಾಗದೆ ಗಿಡಗಳ ಹತ್ತಿರ ಹೋಗಿ ನಿಂತು ಕಡಲು ಉಳಿಸುವ ಬಗ್ಗೆ ಮಾತಾಡಿದರು. ನಾವು ಚಪ್ಪಾಳೆ ತಟ್ಟಿದೆವು. ನನಗೆ ಶಾಲು ಹೊದೆಸಿದರು. ಆ ದಿನ ನಾನು ಕೋಲಿಲ್ಲದೆ ನಡೆದೆ.

ಪೈಪು ಆ ಮಳೆಗಾಲವನ್ನೂ ಪೂರ್ತಿ ಕಾಣಲಿಲ್ಲ. ದಾರದ ಸಿಕ್ಕು, ಪ್ಲಾಸ್ಟಿಕ್, ಹೂಳು ಸೇರಿ ಕಟ್ಟಿಕೊಂಡಿತು. ಭಾನುವಾರಗಳ ಕೆಲಸ ಈಗ ಪೈಪು ಬಿಡಿಸುವುದಾಯಿತು. ಕೋಲಿನಿಂದ ಕುಕ್ಕುವುದು, ಕೈ ಹಾಕಿ ಎಳೆಯುವುದು. ಹೊಲಸು ಕಿತ್ತಷ್ಟೂ ಬರುತ್ತಿತ್ತು, ಮುಂದಿನ ವಾರಕ್ಕೆ ಅಷ್ಟೇ ತುಂಬಿರುತ್ತಿತ್ತು. ರಸ್ತೆಯ ಆ ಕಡೆ ಉಬ್ಬರದ ನೀರು ಎಂದಿನಂತೆ ಬರುವುದು, ಏರಿಗೆ ತಾಗಿ ನಿಲ್ಲುವುದು, ಹೋಗುವುದು. ಈ ಕಡೆ ಗಿಡಗಳು ನೋಡುತ್ತ ನಿಂತಿರುತ್ತಿದ್ದವು.

ರಸ್ತೆಯನ್ನು ಒಂದು ಕಡೆ ಕಡಿದು ನೀರಿಗೆ ದಾರಿ ಮಾಡಿಕೊಡಿ ಎಂದು ಕೇಳಲು ಕಾರ್ಯದರ್ಶಿಗಳು ಹತ್ತಿಳಿಯದ ಆಫೀಸಿಲ್ಲ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಮೇಜಿನ ಆಚೆಗಿದ್ದ ಹುಡುಗಿ ಬಹಳ ವಿನಯದಿಂದ ಕೇಳಿದಳು, "ಬಾ, ಈ ರಸ್ತೆ ಕೇಳಿದ್ದು ನೀವೇ ಅಲ್ಲವಾ?"

ಹೊರಗೆ ಬಂದ ಮೇಲೆ ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡರು. "ರೈಲ್ವೆದಾಗ ಇಷ್ಟ ವರ್ಷ ಇದ್ದೆ ನೋಡ್ರಿ ಮೇಡಂ. ಹಳಿ ಹಾಕೂದು ಗೊತ್ತು, ಹಾಕಿದ್ದನ್ನ ಹೆಂಗ ಕೀಳಬೇಕಂತ ಯಾರೂ ಕಲಿಸ್ಲಿಲ್ರಿ." ಆಮೇಲೆ ಎದೆನೋವು ಶುರುವಾಗಿ ಅವರು ಖಾಡಿಗೆ ಬರುವುದನ್ನೇ ನಿಲ್ಲಿಸಿದರು.

ಬೇಸಿಗೆ ಬಂತು. ಕೆಸರು ಬಿರಿದು ಹಪ್ಪಳದಂತೆ ಎದ್ದಿತು. ಬಿರುಕಿನ ಅಂಚಿಗೆ ಬಿಳಿ ಉಪ್ಪು ಕಟ್ಟಿತು. ಲೆವ್ಟಾದ ಬಿಲಗಳ ಬಾಯಿ ಒಣಗಿ ಮುಚ್ಚಿತು. ಎಲೆಗಳು ಮೊದಲು ಹಳದಿ, ಆಮೇಲೆ ಸುಟ್ಟ ದೋಸೆಯ ಅಂಚಿನ ಬಣ್ಣ.

ಆಗ ತಂಗಿ ಹೋಟೆಲಿನಿಂದ ಎಣ್ಣೆಯ ತಗಡಿನ ಡಬ್ಬಿಗಳನ್ನು, ಸಾಂಬಾರಿನ ಕ್ಯಾನುಗಳನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದಳು. ರಸ್ತೆಯ ಆ ಕಡೆಯಿಂದ ಉಬ್ಬರದ ನೀರು ತುಂಬಿ ಈ ಕಡೆ ತಂದು ಹಾಕುವುದು. ಸಮುದ್ರದ ಗಿಡಕ್ಕೆ ಸಮುದ್ರದ ನೀರನ್ನು ಹೊತ್ತು ಹಾಕುವುದು! ಆದರೆ ಬೇರೇನೂ ಮಾಡಲು ತೋಚಲಿಲ್ಲ. ತಂಗಿ, ಬೆನ್, ಬಳಗದ ಉಳಿದ ಕೆಲವರು, ಬೆನ್ ಮನೆಯ ನೆರೆಯ ಹೆಂಗಸರು ಸಾಲು ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನಗೆ ಭಾರ ಎತ್ತಲಾಗದು, ಚೊಂಬಿನಲ್ಲಿ ಹಾಕುತ್ತಿದ್ದೆ. ಸಾಂಬಾರಿನ ವಾಸನೆ ಬೆರೆತ ಸಮುದ್ರ. ಬಿರುಕುಗಳು ಸುಯ್ ಎಂದು ಕುಡಿದುಬಿಡುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ನೀರು ಆರಿಹೋಗುತ್ತಿತ್ತು, ಉಪ್ಪು ಉಳಿಯುತ್ತಿತ್ತು. ನಾವು ಹಾಕಿದಷ್ಟೂ ನೆಲ ಬೆಳ್ಳಗಾಗುತ್ತಿತ್ತು. ಗಿಡಕ್ಕೆ ನಾವು ದಿನಾ ಉಣಿಸುತ್ತಿರುವುದು ಉಪ್ಪನ್ನೇ ಎಂದು ಗೊತ್ತಾದ ಮೇಲೂ ನಿಲ್ಲಿಸಲು ಯಾರೂ ಮೊದಲಾಗಲಿಲ್ಲ. ಮೊದಲು ನಿಲ್ಲಿಸಿದವಳು ಬೆನ್. ಒಂದು ಬೆಳಿಗ್ಗೆ ಕ್ಯಾನು ಕೈಗೆ ಬಂದಾಗ ಅದನ್ನು ಮುಂದಕ್ಕೆ ಕೊಡದೆ ನೆಲಕ್ಕಿಟ್ಟಳು.

"ಸಾಕು, ಬೆನ್," ಎಂದಳು ತಂಗಿಗೆ. "ನಿಮ್ಮ ಹೋಟೆಲಿಗೆ ಹೊತ್ತಾಗುತ್ತದೆ."

ಗಂಡ ಉಧ್ನಾದಲ್ಲಿ ಮತ್ತೆ ಖೋಲಿ ಹುಡುಕಿದ. ಮೊದಲಿನದು ಬೇರೆಯವರಿಗೆ ಹೋಗಿತ್ತು, ಇದು ಅದಕ್ಕಿಂತ ಒಳಗಿನ ಗಲ್ಲಿಯದು.

ಅವಳು ಹೊರಡುವ ಬೆಳಿಗ್ಗೆ ತಂಗಿಯೂ ನಾನೂ ಹೋದೆವು. ಸಾಮಾನಿನ ಟೆಂಪೊ ಆ ರಸ್ತೆಯಲ್ಲೇ ಅವಳ ಮನೆ ಬಾಗಿಲಿನವರೆಗೂ ಬಂದು ನಿಂತಿತ್ತು. ಮೊದಲಾಗಿದ್ದರೆ ಎಲ್ಲವನ್ನೂ ಕೆಸರು ದಾಟಿಸಿ ಹೊರಬೇಕಿತ್ತು. ಗ್ಯಾಸಿನ ಸಿಲಿಂಡರ್ ಆಗಲೇ ಹೋಗಿತ್ತು. ಪಾತ್ರೆಗಳು ಚಾದರದಲ್ಲಿ ಗಂಟಾಗಿದ್ದವು. ಅವಳು ಒಂದು ತಪಲೆಯನ್ನು ಗಂಟಿನಿಂದ ಹೊರಗೆಳೆದಳು.

"ಚಾ ಪೀಶೋ ನೇ, ಬಾ?"

ಬೇಡ ಎಂದೆವು. ಕೇಳಲಿಲ್ಲ. ಅಂಗಳದಲ್ಲಿ ಮೂರು ಕಲ್ಲು ಇಟ್ಟು, ನಡೆದುಕೊಂಡು ಹೋಗಿ, ಒಣಗಿ ನಿಂತಿದ್ದ ಚೆರ್ ಗಿಡಗಳನ್ನು ಲಟಲಟನೆ ಮುರಿದು ಒಂದು ತೋಳು ತುಂಬ ತಂದಳು. ಸೊಂಟದೆತ್ತರ ಬಂದಿದ್ದ ಗಿಡಗಳು. ಒಂದರ ಕೊಂಬೆಯಲ್ಲಿ ಗಾಳಿಪಟದ ದಾರ ಹಾಗೆಯೇ ಇತ್ತು.

ತಂಗಿ ನನ್ನ ಕಿವಿಯ ಹತ್ತಿರ ಕನ್ನಡದಲ್ಲಿ, "ಅಕ್ಕ, ಅದು ನಮ್ಮ ಗಿಡ," ಎಂದಳು.

"ಹೌದು ಮಾರಾಯ್ತಿ."

"ಅವಳಿಗೆ ಹೇಳುದಾ?"

"ಏನು ಹೇಳುವುದು?"

ಬೆನ್ ಬೆಂಕಿ ಹಚ್ಚಿದಳು. ಒಳಗಿನ ಉಪ್ಪಿಗೋ ಏನೋ ಕಟ್ಟಿಗೆ ಚಟಚಟ ಸಿಡಿಯಿತು, ಆಮೇಲೆ ಒಂದೇ ಸಮನೆ ಉರಿಯಿತು. "ಹೊಗೆ ಇಲ್ಲ, ನೋಡಿ. ಅತ್ತೆ ಹೇಳುತ್ತಿದ್ದಳು, ಚೆರ್ ಕಟ್ಟಿಗೆ ಮದುವೆಯ ಅಡುಗೆಗೆ ಒಳ್ಳೆಯದು ಅಂತ," ಎಂದಳು. ಚಹಾ ಬೇಗ ಕುದಿಯಿತು. ಬಹಳ ಸಕ್ಕರೆ ಹಾಕಿದ್ದಳು. ಮೂವರೂ ಹೊಸ್ತಿಲ ಮೇಲೆ ಕೂತು ಕುಡಿದೆವು. ತಂಗಿ ಬಿಕ್ಕುತ್ತ ಕುಡಿದಳು. ಬೆನ್ ಅವಳ ಬೆನ್ನು ಸವರಿ, "ಬಿಸಿ ಇದೆ, ನಿಧಾನ," ಎಂದಳು.

ಉಳಿದ ಕಟ್ಟಿಗೆಯನ್ನು ಅವಳು ಎಸೆಯಲಿಲ್ಲ. ಸೀರೆಯ ಅಂಚಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ ಟೆಂಪೊದೊಳಗಿನ ಹಾಸಿಗೆಯ ಮೇಲೆ ಇಟ್ಟಳು. ಉಧ್ನಾದಲ್ಲಿ ಒಂದು ಕಡ್ಡಿಯೂ ಸಿಗುವುದಿಲ್ಲವಂತೆ. ಆಮೇಲೆ ಹತ್ತಿ ಗಂಡನ ಪಕ್ಕ ಕೂತಳು. ಟೆಂಪೊ ಒಂದು ಕಡೆಯೂ ಕುಲುಕದೆ ಹೋಯಿತು.